ಶಾಲೆ ಬಿಡದೆ ಶೈಕ್ಷಣಿಕ ನಾಯಕತ್ವದ ಸ್ನಾತಕೋತ್ತರ ಓದು: ತುಮಕೂರು ಜಿಲ್ಲೆಯ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಮುಖ್ಯಶಿಕ್ಷಕರ ಕುರ್ಚಿಗೆ ಬರುವ ಹೊತ್ತಿಗೆ ಹೆಚ್ಚಿನವರಿಗೆ ಪಾಠ ಮಾಡುವುದು ಚೆನ್ನಾಗಿ ಗೊತ್ತಿರುತ್ತದೆ. ಶಾಲೆ ನಡೆಸುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ, ಅನುದಾನದ ಲೆಕ್ಕ, ಹೊಂದಿಕೊಳ್ಳದ ಸಹೋದ್ಯೋಗಿಗಳು, ಮೂರನೇ ತರಗತಿಗೆ ಬಂದರೂ ಓದಲು ಬಾರದ ಮಕ್ಕಳು, ಎಲ್ಲವೂ ಒಂದೇ ದಿನ ಮೈಮೇಲೆ ಬೀಳುತ್ತವೆ. ಶೈಕ್ಷಣಿಕ ನಾಯಕತ್ವ ಮತ್ತು ಆಡಳಿತದ ಸ್ನಾತಕೋತ್ತರ ಕೋರ್ಸುಗಳು ಈ ಕೊರತೆ ತುಂಬಲೆಂದೇ ಇವೆ. ಇವುಗಳಿಗೆ ಸೇರುವುದು ಸುಲಭ, ಮುಗಿಸುವುದು ಕಷ್ಟ. ಅರ್ಧಕ್ಕೆ ಬಿಡುವವರಲ್ಲಿ ಹೆಚ್ಚಿನವರನ್ನು ಸೋಲಿಸುವುದು ಪಾಠದ ಕಠಿಣತೆಯಲ್ಲ. ಸೇರುವಾಗ ಮಾಡದೇ ಬಿಟ್ಟ ಮೂರು ಲೆಕ್ಕಗಳು: ಸಮಯದ್ದು, ಭಾಷೆಯದ್ದು, ಕಾಗದಪತ್ರದ್ದು.

ಮೊದಲು: ಯಾವುದಕ್ಕಾಗಿ ಓದುತ್ತೀರಿ?

ಸರ್ಕಾರಿ ಶಾಲೆಯಲ್ಲಿರುವವರು ಒಂದು ವಿಷಯ ಖಚಿತಪಡಿಸಿಕೊಳ್ಳಬೇಕು. ಈ ಪದವಿ ಸಿಕ್ಕ ಮಾತ್ರಕ್ಕೆ ಮುಖ್ಯಶಿಕ್ಷಕರ ಬಡ್ತಿ ಬರುವುದಿಲ್ಲ. ಅದು ಜ್ಯೇಷ್ಠತಾ ಪಟ್ಟಿಗೂ ವೃಂದ ಮತ್ತು ನೇಮಕಾತಿ ನಿಯಮಗಳಿಗೂ ಸೇರಿದ್ದು. ವೇತನ ಬಡ್ತಿಯ ಆಸೆಯಿಂದ ಸೇರುವುದಾದರೆ, ಸೇರುವ ಮೊದಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಉತ್ತರ ಪಡೆಯಿರಿ. ಸಹೋದ್ಯೋಗಿಯ ಬಾಯಿಮಾತು ನಂಬಿ ಎರಡು ವರ್ಷ ಹಾಕಬೇಡಿ.

ಪದವಿ ನಿಜಕ್ಕೂ ಬಾಗಿಲು ತೆರೆಯುವ ಕಡೆಗಳೂ ಇವೆ. ಎಂ.ಎ. ಶಿಕ್ಷಣದಲ್ಲಿ ಶೇ. 55 (ಮೀಸಲಾತಿ ವರ್ಗಗಳಿಗೆ ಶೇ. 50) ಅಂಕವಿದ್ದರೆ ಶಿಕ್ಷಣ ವಿಷಯದಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್, ಅಂದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಬರೆಯಬಹುದು. ಬಿ.ಇಡಿ. ಜೊತೆಗೆ ಎಂ.ಎ. ಶಿಕ್ಷಣ ಇದ್ದವರು ಬಿ.ಇಡಿ. ಕಾಲೇಜುಗಳಲ್ಲಿ ಶಿಕ್ಷಣದ ಮೂಲತತ್ವಗಳ ವಿಷಯ ಬೋಧಿಸಲು ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರ ಮಾನದಂಡದಲ್ಲಿ ಅವಕಾಶವಿದೆ. ಖಾಸಗಿ ಶಾಲೆಗಳಲ್ಲಿ ಪ್ರಾಂಶುಪಾಲ, ಸಂಯೋಜಕ ಹುದ್ದೆಗಳ ಸಂದರ್ಶನದಲ್ಲೂ ಇದು ನೆರವಿಗೆ ಬರುತ್ತದೆ. ಇವೆಲ್ಲಕ್ಕಿಂತ ಹೆಚ್ಚಿನ ಲಾಭ ನಿಮ್ಮ ಈಗಿನ ಶಾಲೆಗೇ ಆಗಬಹುದು. ಆ ದಾರಿ ಮುಂದೆ ಹೇಳುತ್ತೇವೆ.

ಎಂ.ಇಡಿ., ಎಂ.ಎ., ಪಿ.ಜಿ. ಡಿಪ್ಲೊಮಾ: ಗೊಂದಲ ಇಲ್ಲೇ ಆಗುವುದು

ಎಂ.ಇಡಿ. ಎನ್‌ಸಿಟಿಇ ಮಾನ್ಯತೆಗೆ ಒಳಪಟ್ಟ, ಎರಡು ವರ್ಷದ, ಪೂರ್ಣಾವಧಿ ಕೋರ್ಸು. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, ತರಗತಿಗೆ ಶೇ. 80 ಹಾಜರಾತಿ. ದಿನಾ ಶಾಲೆಗೆ ಹೋಗುವವರು ನಿಯಮದಂತೆ ಇದನ್ನು ಮಾಡಲು ಆಗುವುದಿಲ್ಲ. ರಜೆ ಮಂಜೂರಾಗಬೇಕು, ಇಲ್ಲವೇ ಇಲಾಖೆಯೇ ನಿಯೋಜಿಸಬೇಕು. ‘ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಕಾಲೇಜಿನ ಕಡೆ ತಲೆಹಾಕಬೇಡಿ. ಒಂದೇ ದಿನ ಎರಡು ಕಡೆ ನಿಮ್ಮ ಹಾಜರಾತಿ ಇದ್ದರೆ ಮುಂದೆ ಪದವಿಗೂ ಕುತ್ತು, ನೌಕರಿಗೂ ಕುತ್ತು.

ಎಂ.ಎ. ಶಿಕ್ಷಣ ಹಾಗಲ್ಲ. ಇದು ಶಿಕ್ಷಣಶಾಸ್ತ್ರವನ್ನು ಒಂದು ವಿಷಯವಾಗಿ ಓದುವ ಸ್ನಾತಕೋತ್ತರ ಪದವಿ. ದೂರಶಿಕ್ಷಣದಲ್ಲಿ ಓದಬಹುದು, ಬಿ.ಇಡಿ. ಇಲ್ಲದವರೂ ಸೇರಬಹುದು. ಆದರೆ ಎಂ.ಇಡಿ. ಕೇಳುವ ಹುದ್ದೆಗೆ ಎಲ್ಲ ಕಡೆಯೂ ಇದು ಬದಲಿ ಆಗುವುದಿಲ್ಲ. ಪಿ.ಜಿ. ಡಿಪ್ಲೊಮಾ ಒಂದು ವರ್ಷದ, ಆಡಳಿತಕ್ಕೇ ಮೀಸಲಾದ ಓದು.

ಕೆಲಸದಲ್ಲಿರುವವರ ಮುಂದಿರುವ ದಾರಿಗಳು ಇವು:

ಇಗ್ನೋ. 1985ರಲ್ಲಿ ಆರಂಭವಾದ ಕೇಂದ್ರದ ಮುಕ್ತ ವಿಶ್ವವಿದ್ಯಾಲಯ. ಇಲ್ಲಿ ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಪಿ.ಜಿ. ಡಿಪ್ಲೊಮಾ ಇದೆ (ಕನಿಷ್ಠ 1 ವರ್ಷ, ಗರಿಷ್ಠ 3). ಎಂ.ಎ. ಶಿಕ್ಷಣವೂ ಇದೆ (ಕನಿಷ್ಠ 2, ಗರಿಷ್ಠ 4). ಎಂ.ಎ.ಯೊಳಗೆ ಶೈಕ್ಷಣಿಕ ನಿರ್ವಹಣೆಯನ್ನೇ ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದು. ಪ್ರವೇಶ ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈ ಆವೃತ್ತಿಗಳಲ್ಲಿ. ದೊಡ್ಡ ತೊಡಕು ಭಾಷೆ: ಈ ಕೋರ್ಸುಗಳಲ್ಲಿ ಕನ್ನಡದಲ್ಲಿ ಉತ್ತರ ಬರೆಯುವಂತಿಲ್ಲ.

ಕರಾಮುವಿ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ತುಮಕೂರಿನಲ್ಲೇ ಪ್ರಾದೇಶಿಕ ಕೇಂದ್ರವಿದೆ. ಕನ್ನಡದಲ್ಲಿ ಬರೆಯಬೇಕೆನ್ನುವವರು ಮೊದಲು ಇಲ್ಲೇ ವಿಚಾರಿಸಬೇಕು. ಈ ಸಾಲಿನ ವಿವರಣಾ ಪುಸ್ತಕದಲ್ಲಿ ಶಿಕ್ಷಣ ವಿಷಯದ ಸ್ನಾತಕೋತ್ತರ ಕೋರ್ಸು ಇದೆಯೇ, ಯಾವ ಮಾಧ್ಯಮದಲ್ಲಿ ಎಂಬುದನ್ನು ಕಣ್ಣಾರೆ ಓದಿ, ಆಮೇಲೆ ಹಣ ಕಟ್ಟಿ. ಮುಕ್ತ ವಿಶ್ವವಿದ್ಯಾಲಯಗಳ ಕೋರ್ಸು ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ನೀಪಾ. ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ. ಇದರಡಿಯ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಶಾಲಾ ನಾಯಕತ್ವ ಮತ್ತು ನಿರ್ವಹಣೆಯ ಉಚಿತ ಆನ್‌ಲೈನ್ ಕೋರ್ಸು ನಡೆಸುತ್ತದೆ. ಅದು ಸ್ನಾತಕೋತ್ತರ ಪದವಿಯಲ್ಲ. ಆದರೂ ಹಣ ಕಟ್ಟುವ ಮೊದಲು ಇದರ ಆರಂಭದ ಹಂತವನ್ನು ಮುಗಿಸಿ ನೋಡಿ ಎನ್ನುವುದು ನಮ್ಮ ಗಟ್ಟಿ ಸಲಹೆ. ಆರು ವಾರ ಬೆಳಗ್ಗೆ ಎದ್ದು ಇದನ್ನು ಮುಗಿಸಲು ಆಗದಿದ್ದರೆ ಎರಡು ವರ್ಷದ ಎಂ.ಎ. ಆಗುವುದು ಕಷ್ಟ. ಅದನ್ನು ಪುಕ್ಕಟೆಯಾಗಿ ತಿಳಿದುಕೊಂಡಂತಾಯಿತು.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿರುವವರಿಗೆಂದು ಶಿಕ್ಷಣದ ಅರೆಕಾಲಿಕ ಡಿಪ್ಲೊಮಾಗಳಿವೆ. ಆನ್‌ಲೈನ್ ತರಗತಿ, ನಡುನಡುವೆ ಕ್ಯಾಂಪಸ್ ತರಗತಿ ಎರಡೂ ಇರುವ ಕೋರ್ಸುಗಳಿಗೆ ತುಮಕೂರಿನವರು ರೈಲು ಹತ್ತಿ ಹೋಗಿಬರಬಹುದು. ಕ್ಯಾಂಪಸ್ ಇರುವುದು ಸರ್ಜಾಪುರದ ಕಡೆ. ಹಾಗಾಗಿ ಬೆಂಗಳೂರಿನೊಳಗಿನ ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಾನ್ಯತೆ ನೋಡುವ ಬಗೆ

ಯುಜಿಸಿಯ ದೂರಶಿಕ್ಷಣ ಬ್ಯೂರೊ ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರು, ಕೋರ್ಸಿನ ಹೆಸರು, ಶೈಕ್ಷಣಿಕ ವರ್ಷ ಮೂರೂ ಒಂದೇ ಸಾಲಿನಲ್ಲಿ ಸಿಗಬೇಕು. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದರೂ ಆ ಕೋರ್ಸಿಗೆ ಆ ವರ್ಷ ಇಲ್ಲದಿರಬಹುದು. ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿ ಫೈಲಿಗೆ ಸೇರಿಸಿ. ಹತ್ತು ವರ್ಷದ ನಂತರ ಯಾರಾದರೂ ಕೇಳಿದಾಗ ಆ ಒಂದು ಹಾಳೆಯೇ ಉತ್ತರ. ಹೀಗೆ ಮಾನ್ಯತೆ ಇರುವ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಊರಿನ ಮಾಳಿಗೆ ಮೇಲಿನ ‘ಸ್ಟಡಿ ಸೆಂಟರ್’ ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ಪದವಿಯನ್ನು ಪ್ಯಾಕೇಜ್ ದರಕ್ಕೆ ಕೊಡುತ್ತೇನೆಂದರೆ ಕೈಮುಗಿದು ಬನ್ನಿ. ಫ್ರಾಂಚೈಸಿ ಕೊಟ್ಟು ದೂರಶಿಕ್ಷಣ ನಡೆಸುವುದಕ್ಕೆ ಯುಜಿಸಿ ನಿಯಮದಲ್ಲಿ ಅವಕಾಶವಿಲ್ಲ.

ಹೆಸರಿನ ಇನಿಷಿಯಲ್ ತಂದಿಡುವ ತೊಂದರೆ

2024ರಿಂದ ದೂರಶಿಕ್ಷಣಕ್ಕಾಗಲಿ ಆನ್‌ಲೈನ್ ಪದವಿಗಾಗಲಿ ಸೇರಲು ಡಿಇಬಿ ಐಡಿ (ಯುಜಿಸಿ ದೂರಶಿಕ್ಷಣ ಬ್ಯೂರೊದ ಗುರುತು ಸಂಖ್ಯೆ) ಕಡ್ಡಾಯ. ಅದಕ್ಕೆ ಮೊದಲು ಎಬಿಸಿ ಐಡಿ (ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಇಡುವ ಖಾತೆಯ ಸಂಖ್ಯೆ) ಬೇಕು, ಅದು ಡಿಜಿಲಾಕರ್ ಮೂಲಕ ಆಧಾರ್‌ನಿಂದ ಆಗುತ್ತದೆ. ಸರಪಳಿ ಹೀಗೆ: ಆಧಾರ್, ಡಿಜಿಲಾಕರ್, ಎಬಿಸಿ ಐಡಿ, ಡಿಇಬಿ ಐಡಿ, ಆಮೇಲೆ ಪ್ರವೇಶ ಅರ್ಜಿ.

ನಮ್ಮ ಕಡೆ ಈ ಸರಪಳಿ ತುಂಡಾಗುವುದು ಇನಿಷಿಯಲ್‌ನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡಕ್ಷರ, ಆಧಾರ್‌ನಲ್ಲಿ ಅದೇ ಮುಂದೆ, ಪದವಿ ಪ್ರಮಾಣಪತ್ರದಲ್ಲಿ ತಂದೆಯ ಪೂರ್ತಿ ಹೆಸರು, ಮದುವೆಯಾದ ಮೇಲೆ ಮಾಡಿಸಿದ ದಾಖಲೆಯಲ್ಲಿ ಗಂಡನ ಹೆಸರು. ಅರ್ಜಿ ತುಂಬುವ ಕೊನೆಯ ವಾರ ಇದನ್ನು ಸರಿಪಡಿಸಲು ಹೊರಟರೆ ಆ ಆವೃತ್ತಿ ಕೈತಪ್ಪುತ್ತದೆ. ಎರಡು ತಿಂಗಳು ಮೊದಲೇ ದಾಖಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದುವಂತೆ ಆಧಾರ್ ಹೆಸರನ್ನು ತಿದ್ದಿಸಿ. ಅಂಕಪಟ್ಟಿ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಬೇಗ ಆಗುವ ಕೆಲಸ. ಡಿಇಬಿ ಐಡಿ ಒಬ್ಬರಿಗೆ ಒಂದೇ, ಜೀವನವಿಡೀ ಅದೇ. ತಪ್ಪು ಹೆಸರಲ್ಲಿ ಮಾಡಿಸಿದರೆ ಮುಂದೆಲ್ಲ ಅಲೆದಾಟ.

ಇಲಾಖೆಯ ಅನುಮತಿ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳವರು ಪ್ರವೇಶಕ್ಕೆ ಮೊದಲೇ ಅನುಮತಿ ಕೇಳಬೇಕು. ಓದಿ ಮುಗಿಸಿ ಪ್ರಮಾಣಪತ್ರ ಹಿಡಿದು ಹೋದಾಗ ‘ಪೂರ್ವಾನುಮತಿ ಎಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ಆಗ ಸೇವಾ ಪುಸ್ತಕದಲ್ಲಿ ನಮೂದಾಗದೆ ಪದವಿ ಕಪಾಟಿನಲ್ಲೇ ಉಳಿಯುತ್ತದೆ.

ಅರ್ಜಿ ಮುಖ್ಯಶಿಕ್ಷಕರ ಮೂಲಕ ಬಿಇಒ ಕಚೇರಿಗೆ, ಅಲ್ಲಿಂದ ನಿಮ್ಮ ಹುದ್ದೆಯ ನೇಮಕಾತಿ ಪ್ರಾಧಿಕಾರಕ್ಕೆ ಹೋಗುತ್ತದೆ. ತುಮಕೂರು ಕಂದಾಯ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದು ಮರೆಯಬೇಡಿ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದವರ ಕಡತ ಮಧುಗಿರಿ ಉಪನಿರ್ದೇಶಕರ ಕಚೇರಿಗೆ, ಉಳಿದ ತಾಲ್ಲೂಕಿನವರದು ತುಮಕೂರಿಗೆ. ಅರ್ಜಿಯಲ್ಲಿ ಇಷ್ಟಿರಲಿ: ಕೋರ್ಸು, ವಿಶ್ವವಿದ್ಯಾಲಯ, ದೂರಶಿಕ್ಷಣ ಎಂಬ ಸ್ಪಷ್ಟ ಮಾತು, ಅವಧಿ, ಶಾಲಾ ವೇಳೆಯಲ್ಲಿ ತರಗತಿ ಇರುವುದಿಲ್ಲವೆಂಬ ಮುಚ್ಚಳಿಕೆ, ಪರೀಕ್ಷೆಗೆ ನಿಯಮದಂತೆ ರಜೆ ಪಡೆಯುವೆನೆಂಬ ಒಪ್ಪಿಗೆ, ಮಾನ್ಯತೆಯ ಮುದ್ರಿತ ಪುಟ. ಎರಡು ಪ್ರತಿ ಒಯ್ದು ಒಂದರ ಮೇಲೆ ಟಪಾಲು ವಿಭಾಗದ ಮೊಹರು, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ.

ಖಾಸಗಿ ಶಾಲೆಯವರು ಆಡಳಿತ ಮಂಡಳಿಯಿಂದ ಪರೀಕ್ಷಾ ದಿನಗಳ ರಜೆಗೆ ಒಂದು ಪತ್ರ ಪಡೆದರೆ ಸಾಕು. ಶುಲ್ಕ ಶಾಲೆಯೇ ಕಟ್ಟುವುದಾದರೆ ಎಷ್ಟು ವರ್ಷ ಅಲ್ಲೇ ದುಡಿಯಬೇಕೆಂಬ ಷರತ್ತನ್ನು ಓದಿ ಸಹಿ ಮಾಡಿ.

ಗಂಟೆಗಳ ಲೆಕ್ಕ

ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ವರ್ಷಕ್ಕೆ 32 ಕ್ರೆಡಿಟ್ ಹಿಡಿದರೆ 960 ಗಂಟೆ. 52 ವಾರಕ್ಕೆ ಹಂಚಿದರೆ ವಾರಕ್ಕೆ ಹದಿನೆಂಟೂವರೆ. ಆದರೆ ಶಿಕ್ಷಕರಿಗೆ 52 ವಾರ ಸಿಗುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮತ್ತು ಮೌಲ್ಯಮಾಪನ, ಶಾಲಾ ಪ್ರಾರಂಭೋತ್ಸವ, ಪ್ರತಿಭಾ ಕಾರಂಜಿ, ಚುನಾವಣೆ, ಸಮೀಕ್ಷೆ, ಮನೆಯ ಮದುವೆ, ಊರಜಾತ್ರೆ ಸೇರಿ ಹತ್ತು ವಾರ ಹೋಗುತ್ತವೆ. ಉಳಿದ 42ಕ್ಕೆ ಹಂಚಿದರೆ ವಾರಕ್ಕೆ ಸುಮಾರು 23 ಗಂಟೆ. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದ ಹಿರಿಯರೋ ಇರುವವರಿಗೆ ಇದು ಆಗದ ಮಾತು.

ಹಾಗಾಗಿ ಎರಡು ವರ್ಷದ ಎಂ.ಎ.ಯನ್ನು ಮೊದಲ ದಿನದಿಂದಲೇ ಮೂರು ವರ್ಷಕ್ಕೆ ಹಂಚಿ. ನಿಯಮ ನಾಲ್ಕು ವರ್ಷ ಕೊಡುತ್ತದೆ. ಆಗ ವಾರಕ್ಕೆ 15 ಗಂಟೆ ಸಾಕು: ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ಒಂದೂವರೆ ಗಂಟೆ, ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದ ಮೇಲೆ ಎರಡೂವರೆ, ಭಾನುವಾರ ಐದು. ಬೆಳಗಿನ ಹೊತ್ತನ್ನು ಕಷ್ಟದ ಓದಿಗೆ ಇಡಿ. ಶಾಲೆಯಿಂದ ಬಂದ ಸಂಜೆ ದಣಿದ ತಲೆಗೆ ಸಿದ್ಧಾಂತ ಇಳಿಯುವುದಿಲ್ಲ. ಆ ಹೊತ್ತು ಅಸೈನ್‌ಮೆಂಟ್‌ನ ಶುದ್ಧಪ್ರತಿ ಬರೆಯುವುದಕ್ಕೆ ಸರಿ. ಬಸ್ಸಿನಲ್ಲಿ ಓದುತ್ತೇನೆಂಬ ಲೆಕ್ಕ ಹಿಡಿಯಬೇಡಿ, ಅದು ಕೇಳುವುದಕ್ಕೆ ಮಾತ್ರ ಒಳ್ಳೆಯ ಜಾಗ.

ಮತ್ತೊಂದು ಡಿಕ್ಕಿ ಇದೆ. ಇಗ್ನೋ ಸತ್ರಾಂತ್ಯ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ. ಜೂನ್ ಪರೀಕ್ಷೆ ಶಾಲೆ ತೆರೆದು ದಾಖಲಾತಿ ನಡೆಯುವ ದಿನಗಳಲ್ಲೇ ಬರುತ್ತದೆ. ಅದರ ಅಸೈನ್‌ಮೆಂಟ್‌ಗಳ ಗಡುವು ಮಾರ್ಚ್-ಏಪ್ರಿಲ್‌ನ ವಾರ್ಷಿಕ ಪರೀಕ್ಷೆಗೆ ತಾಗುತ್ತದೆ. ಪ್ರೌಢಶಾಲೆಯವರಿಗೆ ಡಿಸೆಂಬರ್ ಪರೀಕ್ಷೆಗೆ ಹೆಚ್ಚು ಪತ್ರಿಕೆ, ಜೂನ್‌ಗೆ ಒಂದೋ ಎರಡೋ ಇಟ್ಟುಕೊಳ್ಳುವುದು ಕ್ಷೇಮ. ಜೂನ್‌ನ ಅಸೈನ್‌ಮೆಂಟ್‌ಗಳನ್ನು ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಬರೆದು ಮುಗಿಸಿ. ಗಡುವು ಮುಂದೂಡುವುದು ಆಗಾಗ ನಡೆಯುತ್ತದೆ, ಆದರೆ ಅದನ್ನು ನಂಬಿ ಕುಳಿತವರು ಮುಂದೂಡದ ವರ್ಷ ಆರು ತಿಂಗಳು ಕಳೆದುಕೊಳ್ಳುತ್ತಾರೆ. ಎರಡನೇ ವರ್ಷದ ಮರುನೋಂದಣಿಯ ದಿನಾಂಕವನ್ನೂ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಅದು ತಾನಾಗಿ ಆಗುವುದಿಲ್ಲ.

ಪಾವಗಡ, ತಿಪಟೂರಿನಂಥ ದೂರದ ತಾಲ್ಲೂಕಿನವರು ಗಮನಿಸಿ: ಬೆಳಗಿನ ಪರೀಕ್ಷೆ 10ಕ್ಕೆ ಶುರು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ಪರೀಕ್ಷಾ ಕೇಂದ್ರ ತುಮಕೂರಿನಲ್ಲಿದ್ದರೆ ಹಿಂದಿನ ರಾತ್ರಿಯೇ ಬಂದು ಉಳಿಯುವ ಏರ್ಪಾಡು ಮಾಡಿಕೊಳ್ಳಿ. ವೇಳಾಪಟ್ಟಿ ಬಂದ ದಿನವೇ ಬೇಕಾಗುವ ಸಾಂದರ್ಭಿಕ ರಜೆಗಳನ್ನು ಎಣಿಸಿ ಉಳಿಸಿ.

ಇಂಗ್ಲಿಷಿನಲ್ಲಿ ಬರೆಯಬೇಕಾದ ಕನ್ನಡ ಮಾಧ್ಯಮದವರಿಗೆ

ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಒಳ್ಳೊಳ್ಳೆಯ ಶಿಕ್ಷಕರು ಎಡವುವುದು ಇಲ್ಲೇ. ಇಗ್ನೋ ಎಂ.ಎ. ಶಿಕ್ಷಣದ ಪತ್ರಿಕೆಯಲ್ಲಿ ಸಾಮಾನ್ಯವಾಗಿ 600 ಪದದ ಮೂರು ಉತ್ತರ, ಜೊತೆಗೆ 150 ಪದದ ನಾಲ್ಕು ಟಿಪ್ಪಣಿ. ಒಟ್ಟು 2400 ಪದ, ಮೂರು ಗಂಟೆ. ಓದಿ ಯೋಚಿಸಲು 20 ನಿಮಿಷ ತೆಗೆದರೆ ನಿಮಿಷಕ್ಕೆ 15 ಪದ ಕೈಬರಹದಲ್ಲಿ ಇಳಿಯಬೇಕು. ವಿಷಯ ಗೊತ್ತಿದ್ದೂ ಮೂರನೇ ಉತ್ತರಕ್ಕೇ ಗಂಟೆ ಬಾರಿಸುವುದು ಇದರಿಂದ.

ಪರಿಹಾರ ವ್ಯಾಕರಣ ಪುಸ್ತಕದಲ್ಲಿಲ್ಲ. ಪ್ರತಿ ಘಟಕವನ್ನು ಮೊದಲು ಕನ್ನಡದಲ್ಲಿ ಯಾರಿಗಾದರೂ ಹೇಳಿ ನೋಡಿ, ಹೇಳಲು ಬಂದರೆ ಅರ್ಥವಾಗಿದೆ. ಆಮೇಲೆ ಅದರ 10ರಿಂದ 12 ಪಾರಿಭಾಷಿಕ ಪದಗಳನ್ನು ಎರಡು ಕಾಲಮ್ಮಿನಲ್ಲಿ ಬರೆಯಿರಿ: ಎಡಕ್ಕೆ ಇಂಗ್ಲಿಷ್, ಬಲಕ್ಕೆ ನಿಮ್ಮ ಶಾಲೆಯ ಒಂದು ಉದಾಹರಣೆ. ವಿಕೇಂದ್ರೀಕರಣ ಎಂಬುದರ ಎದುರು ‘ಎಸ್‌ಡಿಎಂಸಿ ನಿರ್ಣಯದಂತೆ ಶೌಚಾಲಯ ದುರಸ್ತಿ’ ಎಂದಿದ್ದರೆ ಆ ಪದ ಮರೆಯುವುದಿಲ್ಲ. ವಾರಕ್ಕೊಂದು ಹಳೆಯ ಪ್ರಶ್ನೆಗೆ 40 ನಿಮಿಷ ಗಡಿಯಾರ ಇಟ್ಟು, ಪುಸ್ತಕ ಮುಚ್ಚಿ, ಕೈಯಲ್ಲೇ ಉತ್ತರ ಬರೆಯಿರಿ. ಮೊದಲ ತಿಂಗಳು 300 ಪದ ದಾಟದಿದ್ದರೂ ಬಿಡಬೇಡಿ, ವೇಗ ಬರೆದರೆ ಮಾತ್ರ ಬರುತ್ತದೆ. ಸಣ್ಣ ವಾಕ್ಯ, ಉಪಶೀರ್ಷಿಕೆ, ಶಾಲೆಯ ಉದಾಹರಣೆ ಇರಲಿ. ಅಲಂಕಾರದ ಇಂಗ್ಲಿಷಿಗೆ ಇಲ್ಲಿ ಅಂಕವಿಲ್ಲ.

ಅಸೈನ್‌ಮೆಂಟ್‌ಗೆ ಶೇ. 30, ಪರೀಕ್ಷೆಗೆ ಶೇ. 70 ತೂಕ. ಎರಡರಲ್ಲೂ ಬೇರೆಬೇರೆಯಾಗಿ ಶೇ. 40 ಬರಬೇಕು. ಅಸೈನ್‌ಮೆಂಟ್ ಸ್ವಂತ ಕೈಬರಹದಲ್ಲೇ ಇರಬೇಕು. ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಉತ್ತರ ನಕಲು ಮಾಡಿದರೆ, ಅದೇ ಉತ್ತರವನ್ನು ಮೌಲ್ಯಮಾಪಕರು ಅದೇ ವಾರ ಇಪ್ಪತ್ತು ಸಲ ಓದಿರುತ್ತಾರೆ. ಸಲ್ಲಿಸುವ ಮೊದಲು ಪ್ರತಿ ಹಾಳೆಯ ಫೋಟೊ ತೆಗೆದಿಡಿ. ಅಂಕ ಜಾಲತಾಣದಲ್ಲಿ ಕಾಣದಿದ್ದಾಗ ಸ್ವೀಕೃತಿ ಮತ್ತು ಈ ಫೋಟೊಗಳೇ ಆಧಾರ.

ಶಾಲೆಯನ್ನೇ ಪ್ರಯೋಗಶಾಲೆ ಮಾಡಿಕೊಳ್ಳಿ

15 ಗಂಟೆಯ ಹೊರೆ ಹಗುರಾಗುವ ಒಂದೇ ದಾರಿ ಎಂದರೆ ಓದುವುದನ್ನೂ ಶಾಲೆಯಲ್ಲಿ ಮಾಡುವುದನ್ನೂ ಒಂದಾಗಿಸುವುದು. ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಕಲಂ ಶಾಲಾ ಸಮಿತಿಯ ಬಗ್ಗೆ, 22ನೇ ಕಲಂ ಶಾಲಾಭಿವೃದ್ಧಿ ಯೋಜನೆಯ ಬಗ್ಗೆ. ಯೋಜನೆ ಎಂಬ ಅಧ್ಯಾಯ ಓದುವ ವಾರವೇ ನಿಮ್ಮ ಶಾಲೆಯ ಕಳೆದ ಯೋಜನೆಯನ್ನು ತೆಗೆದು ನೋಡಿ. ಎಷ್ಟು ಸಾಲು ಹಿಂದಿನ ವರ್ಷದ ನಕಲು? ಕಲಿಕೆಯ ಬಗ್ಗೆ ಎಷ್ಟು, ಕಾಂಪೌಂಡು-ಬಣ್ಣದ ಬಗ್ಗೆ ಎಷ್ಟು? ಉತ್ತರ ಅಸೈನ್‌ಮೆಂಟಿಗೂ ಆಯಿತು, ಮುಂದಿನ ಎಸ್‌ಡಿಎಂಸಿ ಸಭೆಗೂ ಆಯಿತು. ಮಾನವ ಸಂಬಂಧದ ಅಧ್ಯಾಯ ಬಂದಾಗ ಸಹಶಿಕ್ಷಕರೊಬ್ಬರ ತರಗತಿಯಲ್ಲಿ ಅವರ ಒಪ್ಪಿಗೆಯಿಂದ 40 ನಿಮಿಷ ಕುಳಿತು, ಶಿಕ್ಷಕರು ಮಾತಾಡಿದ್ದೆಷ್ಟು, ಮಕ್ಕಳು ಮಾತಾಡಿದ್ದೆಷ್ಟು ಎಂದಷ್ಟೇ ಬರೆದುಕೊಳ್ಳಿ. ತಪ್ಪು ಪಟ್ಟಿ ಮಾಡಬೇಡಿ, ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ.

ಸಂಪ್ರಬಂಧ ಅಥವಾ ಪ್ರಾಜೆಕ್ಟ್ ಹಂತದಲ್ಲಿ ಆಗುವ ತಪ್ಪು ಒಂದೇ: ವಿಷಯ ದೊಡ್ಡದು. ‘ತುಮಕೂರು ಜಿಲ್ಲೆಯ ಶಾಲಾ ನಾಯಕತ್ವ’ ಎಂಬುದು ಮುಗಿಯುವ ವಿಷಯವಲ್ಲ. ಪಾವಗಡದ ಗಡಿ ಹಳ್ಳಿಯಲ್ಲಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳ ಒಂದನೇ ತರಗತಿಗೆ ಮುಖ್ಯಶಿಕ್ಷಕರು ಮಾಡಿಕೊಂಡ ಏರ್ಪಾಡು, ನಾಲ್ಕು ಶಾಲೆಗಳಲ್ಲಿ: ಇದು ಮುಗಿಯುತ್ತದೆ. ಹುಣಸೆ ಬಡಿಯುವ, ಶೇಂಗಾ ಕೀಳುವ ತಿಂಗಳುಗಳಲ್ಲಿ ಹಾಜರಾತಿ ಎಷ್ಟು ಇಳಿಯುತ್ತದೆ, ಅದಕ್ಕೆ ಶಾಲೆ ಏನು ಮಾಡಿತು ಎಂಬುದಕ್ಕೆ ಮೂರು ವರ್ಷದ ಹಾಜರಿ ಪುಸ್ತಕ ಸಾಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮುಖ್ಯಶಿಕ್ಷಕರ ಒಂದು ವಾರದ ಸಮಯ ಎಲ್ಲಿ ಹೋಗುತ್ತದೆ ಎಂದು ಅರ್ಧ ಗಂಟೆಗೊಮ್ಮೆ ಗುರುತು ಹಾಕಿ, ಆರು ಶಾಲೆಗಳಲ್ಲಿ ನೋಡಿದರೂ ಒಳ್ಳೆಯ ಅಧ್ಯಯನ.

ಮಾರ್ಗದರ್ಶಕರನ್ನು ಮೊದಲ ವರ್ಷದಲ್ಲೇ ಹುಡುಕಿ. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು, ಬಿ.ಇಡಿ. ಕಾಲೇಜಿನ ಹಿರಿಯರು ಸಿಗಬಹುದು. ವಿಶ್ವವಿದ್ಯಾಲಯ ಹೇಳುವ ಅರ್ಹತೆ ಅವರಿಗಿದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಇಲ್ಲವಾದರೆ ಪ್ರಸ್ತಾವನೆ ವಾಪಸು ಬಂದು ಒಂದು ಆವೃತ್ತಿ ಹೋಗುತ್ತದೆ. ಬೇರೆ ಶಾಲೆಗಳಲ್ಲಿ ಮಾಹಿತಿ ಸಂಗ್ರಹಕ್ಕೆ ಬಿಇಒ ಅವರ ಲಿಖಿತ ಅನುಮತಿ ಬೇಕು. ವರದಿಯಲ್ಲಿ ಮಗುವಿನ ಹೆಸರು, ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತು ಸಂಖ್ಯೆ), ಶಾಲೆಯ ಹೆಸರು ಬರಬಾರದು. ‘ಶಾಲೆ ಅ’, ‘ಶಾಲೆ ಆ’ ಎಂದು ಬರೆಯಿರಿ. ಕೃತಿಚೌರ್ಯಕ್ಕೆ ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದಕ್ಕಿಂತ ಮೇಲೆ ಶೇ. 40ರವರೆಗೆ ಹೋದರೆ ತಿದ್ದಿ ಕೊಡಬೇಕಾಗುತ್ತದೆ, ಅದನ್ನೂ ಮೀರಿದರೆ ದಂಡ ಇನ್ನೂ ಕಠಿಣ.

ಮುಗಿದ ಮೇಲಿನ ಕಾಗದಗಳು

ಫಲಿತಾಂಶ ಬಂದೊಡನೆ ಅಂಕಪಟ್ಟಿಯಲ್ಲಿ ಹೆಸರು, ತಂದೆತಾಯಿ ಹೆಸರು, ಪತ್ರಿಕೆಗಳ ಸಂಖ್ಯೆ ಸರಿಯಿದೆಯೇ ನೋಡಿ. ತಪ್ಪಿದ್ದರೆ ಘಟಿಕೋತ್ಸವಕ್ಕೆ ಮೊದಲೇ ಬರೆದುಕೊಡಿ. ಪದವಿ ಪ್ರಮಾಣಪತ್ರ ತಾತ್ಕಾಲಿಕವೇ ಆದರೂ, ಪೂರ್ವಾನುಮತಿ ಆದೇಶದ ಪ್ರತಿಯೊಂದಿಗೆ ಸೇವಾ ಪುಸ್ತಕದಲ್ಲಿ ನಮೂದಿಸಲು ಮುಖ್ಯಶಿಕ್ಷಕರ ಮೂಲಕ ಬಿಇಒ ಕಚೇರಿಗೆ ಅರ್ಜಿ ಕೊಡಿ. ನಮೂದಾದ ಪುಟದಲ್ಲಿ ಅಧಿಕಾರಿಯ ಸಹಿ, ದಿನಾಂಕ ನೋಡಿಕೊಂಡು ಆ ಪುಟದ ಪ್ರತಿ ತೆಗೆದು, ಮಾನ್ಯತೆಯ ಹಾಳೆ ಇಟ್ಟಿರುವ ಅದೇ ಫೈಲಿಗೆ ಸೇರಿಸಿ.